ಎರಡು ಹೊಲ ಸೇರುವ ಕಡೆ

"ಸರ್, ಕಣ್ಣಿಗೆ ಹೌದು ಅಂತ ಕಾಣೋದನ್ನ ಕಂಪ್ಯೂಟರ್ ಇಲ್ಲ ಅನ್ನುತ್ತೆ. ಯಾವುದನ್ನ ನಂಬಲಿ?" ಎಂದು ಮೇಘರಾಜ ಕೇಳಿದ.

ಹಳ್ಳಿಗಳ ನಕ್ಷೆಯನ್ನು ಕಂಪ್ಯೂಟರಿಗೆ ಸೇರಿಸುವ ಕಚೇರಿಯಲ್ಲಿ ಅವನು ಹೊಸಬ. ಯಾವ ಬಾವಿ ಯಾವ ಹೊಲದ ಒಳಗಿದೆ ಎಂದು ಕಂಪ್ಯೂಟರಿನ ಮಾಹಿತಿಯನ್ನು ಪ್ರಶ್ನಿಸುವ ಭಾಷೆಯಾದ ಎಸ್‌ಕ್ಯೂಎಲ್‌ನಲ್ಲಿ ಕೇಳಿದ್ದ. ಕೆಲವು ಬಾವಿಗಳು ಯಾವ ಹೊಲದ ಒಳಗೂ ಇಲ್ಲ ಎಂಬ ಉತ್ತರ ಬಂದಿತ್ತು. ಪರದೆಯ ಮೇಲೆ ನೋಡಿದರೆ ಅವು ಹೊಲದಲ್ಲೇ ಕಾಣುತ್ತಿದ್ದವು. ತಪ್ಪು ಬಾವಿಗಳೆಂದು ಅಳಿಸಿಬಿಡಲು ಅವನ ಕೈ ತುರಿಸುತ್ತಿತ್ತು, ಆದರೂ ಅಳುಕು. ನಕ್ಷೆಯಲ್ಲಿಲ್ಲದ ಬಾವಿಗೆ ರಿಪೇರಿಯೂ ಇಲ್ಲ, ಹೂಳು ತೆಗೆಸುವವರೂ ಇಲ್ಲ.

ಅವನಿಗೆ ಕೆಲಸ ಕಲಿಸುತ್ತಿದ್ದ ಫಾಲಾಕ್ಷಯ್ಯನವರು ಕುರ್ಚಿ ಎಳೆದುಕೊಂಡರು. ನೇರ ಉತ್ತರ ಕೊಟ್ಟು ಅವರಿಗೆ ಅಭ್ಯಾಸವೇ ಇರಲಿಲ್ಲ. ಕತೆ ಶುರು ಮಾಡಿದರು.

ಒಂದೂರಲ್ಲಿ ಇಬ್ಬರು ರೈತರು. ಇಬ್ಬರ ಹೊಲಗಳ ನಡುವೆ ಒಂದೇ ಬದು, ಆ ಬದುವಿನ ಮೇಲೆ ಒಂದು ಬಾವಿ. ಬಾವಿ ನನ್ನದು, ನನ್ನದು ಎಂದು ಇಬ್ಬರೂ ಹಾವು ಮುಂಗುಸಿಯಾಗಿದ್ದರು. ಮೊದಲನೆಯವನು ನಕ್ಷೆಯ ಕಚೇರಿಗೆ ಹೋದ. ತನ್ನ ಹೊಲದ ಮಾತೇ ಎತ್ತಲಿಲ್ಲ. "ಬಾವಿ ಅವನ ಹೊಲದ ಒಳಗೈತೇನು ನೋಡ್ರಿ" ಎಂದ. ಗುಮಾಸ್ತ ಯಂತ್ರವನ್ನು ಕೇಳಿದ. ಇಲ್ಲ ಎಂದಿತು. ಗೆದ್ದೆನೆಂದು ರೈತ ಊರಿಗೆಲ್ಲ ಮಂಡಕ್ಕಿ ಹಂಚಿದ. ಮರುದಿನ ಎರಡನೆಯವನೂ ಹೋಗಿ ಮೊದಲನೆಯವನ ಹೊಲದ ಬಗ್ಗೆ ಅದನ್ನೇ ಕೇಳಿದ. ಮತ್ತೆ ಇಲ್ಲ, ಮತ್ತೆ ಮಂಡಕ್ಕಿ.

ಎರಡೂ ಇಲ್ಲಗಳನ್ನು ಕೂಡಿಸಿ ಗುಮಾಸ್ತ, ಬಾವಿ ಯಾರಿಗೂ ಸೇರಿದ್ದಲ್ಲ ಎಂದು ತೀರ್ಮಾನಿಸಿದ. ಹೇಳುವವರು ಕೇಳುವವರು ಇಲ್ಲದ ಬಾವಿಯನ್ನು ಮುಚ್ಚಲು ಟ್ರ್ಯಾಕ್ಟರಿನಲ್ಲಿ ಮಣ್ಣು ಬಂತು. ಮಾತು ಬಿಟ್ಟಿದ್ದ ಇಬ್ಬರು ರೈತರೂ ಒಟ್ಟಿಗೇ ಓಡಿ ಹೋಗಿ ಗುಮಾಸ್ತನ ಕೈ ಹಿಡಿದರು.

"ಸ್ವಾಮಿ, ಬಾವಿ ಇರೋದೇ ನಮ್ಮಿಬ್ಬರ ಹೊಲ ಸೇರೋ ಕಡೆ. ಯಾರಿಗೂ ಸೇರಿಲ್ಲ ಅಂದ್ರೆ ಹೆಂಗೆ?"

ಸೇರುವುದು ಎಂಬ ಮಾತು ಗುಮಾಸ್ತನ ತಲೆಯಲ್ಲಿ ಕೂತಿತು. ಒಳಗಿದೆಯೇ ಎಂದು ಕೇಳುವುದನ್ನು ಬಿಟ್ಟು, ತಾಗಿದೆಯೇ ಎಂದು ಕೇಳಿ ನೋಡಿದ. ಯಂತ್ರ ಎರಡೂ ಹೊಲಕ್ಕೆ ಹೌದು ಎಂದಿತು. ಟ್ರ್ಯಾಕ್ಟರ್ ಮಣ್ಣಿನ ಸಮೇತ ವಾಪಸು ಹೋಯಿತು.

ಮೇಘರಾಜನಿಗೆ ಕುತೂಹಲ ತಡೆಯಲಾಗಲಿಲ್ಲ. "ಹಾಗಾದ್ರೆ ಅದು ಮೊದಲು ಹೇಳಿದ್ದು ಸುಳ್ಳಾ ಸರ್?"

"ಅದು ಒಂದು ಸಲವೂ ಸುಳ್ಳು ಹೇಳಲಿಲ್ಲಪ್ಪ, ಗಡಿಗೆರೆಯ ಮೇಲಿರೋದು ಅದರ ಲೆಕ್ಕದಲ್ಲಿ ಒಳಗಲ್ಲ; ಬಾವಿ ಮುಚ್ಚಲು ಹೊರಟಿದ್ದು ಆ ನಿಜವನ್ನೇ ನಂಬಿ."

ಮೇಘರಾಜ ಅಳಿಸುವ ಯೋಚನೆ ಬಿಟ್ಟು, ಒಳಗಿದೆಯೇ ಎಂಬ ಕಡೆ ತಾಗಿದೆಯೇ ಎಂದು ಬರೆದು ಆ ಬಾವಿಗಳ ಬಗ್ಗೆ ಮತ್ತೆ ಕೇಳಿದ.