ಎಮ್ಮೆಯ ಬೆನ್ನಿನ ಮುಂದಿನ ಜಾಗ

ಬದುವಿನಲ್ಲಿ ಮಗಳ ಧಾರೆ ಮುಗಿಸಿದ ಇಲಿ ಸುಬ್ಬತಾಯಿ ಇಳಿಯುತ್ತಿದ್ದ ಹೊತ್ತನ್ನೇ ನೋಡುತ್ತಿದ್ದಳು. ಆರತಕ್ಷತೆ ಬಯಲಿನಾಚೆಯ ಕಣಜದಲ್ಲಿ. ಕತ್ತಲಾದರೆ ಬಯಲೆಲ್ಲ ಗೂಬೆಯದು. ನೆಂಟರನ್ನು ಹೊತ್ತೊಯ್ಯಲು ಅವಳು ಎಮ್ಮೆಯನ್ನು ಗೊತ್ತುಮಾಡಿದ್ದಳು.

"ಕೊಂಬಿನ ಹತ್ತಿರದ ಜಾಗ ಗಂಡಿನ ಕಡೆಯವರಿಗೆ," ಎಂದ ವರನ ಸೋದರಮಾವ.

"ಹೆಣ್ಣಿನ ಅಜ್ಜಿಯನ್ನು ಬಾಲದ ಹತ್ತಿರ ಕೂರಿಸಲೇ?" ಎಂದು ಸುಬ್ಬತಾಯಿಯೂ ಪಟ್ಟು ಹಿಡಿದಳು.

"ಬೇಗ ಹತ್ತಿ ತಾಯೀ, ಹೊತ್ತು ಮುಳುಗುತ್ತಿದೆ," ಎಂದಿತು ಎಮ್ಮೆ. ಯಾರೂ ಹತ್ತಲಿಲ್ಲ. ತನ್ನ ಯಜಮಾನ ಕೂಗಿದ್ದು ಕೇಳಿ ಅದು ಕೊಟ್ಟಿಗೆಗೆ ಹೊರಟೇಹೋಯಿತು.

ಕತ್ತಲಾಯಿತು. ಮರದ ಮೇಲೆ ರೆಕ್ಕೆ ಬಿಚ್ಚಿದ ಸದ್ದು. ಇನ್ನು ನಡೆದೇ ದಾಟಬೇಕು.

"ಬೀಗಿತ್ತಿ," ಎನ್ನುತ್ತ ಸೋದರಮಾವ ಹಿಂದೆ ಸರಿದ, "ಹೆಣ್ಣಿನ ಮನೆಯವರು ನೀವು. ನೀವೇ ಮುಂದೆ ನಡೆಯಿರಿ."

ಸುಬ್ಬತಾಯಿ ತಾನೂ ಒಂದು ಹೆಜ್ಜೆ ಹಿಂದೆ ಸರಿದಳು. ಎರಡು ಕಡೆಯವರೂ ಒಬ್ಬರ ಬೆನ್ನ ಹಿಂದೊಬ್ಬರು ಅವಿತುಕೊಂಡರು. ಎಲ್ಲರ ಮುಂದೆ ಮದುಮಗಳೊಬ್ಬಳೇ ಉಳಿದಳು.