ಕತ್ತರಿಸಿದ ಹನ್ನೊಂದು ನಿಮಿಷ

ಶಾಲ್ಮಲಿ ಯಾವ ವಿಡಿಯೊವನ್ನೂ ಅದರ ನಿಜವಾದ ವೇಗದಲ್ಲಿ ನೋಡುತ್ತಿರಲಿಲ್ಲ. ಫೋನು ಕೈಗೆ ಬಂದೊಡನೆ ಹೆಬ್ಬೆರಳು ತಾನಾಗಿ ಹೋಗಿ ವೇಗವನ್ನು ಎರಡು ಪಟ್ಟು ಮಾಡುತ್ತಿತ್ತು.

ಕಪ್ಪು-ಬಿಳುಪು ಸಿನಿಮಾಗಳ ವಿಶ್ಲೇಷಣೆ, ಮುಳುಗಿದ ಯುದ್ಧನೌಕೆಗಳ ಚರಿತ್ರೆ, ಯಾವುದೋ ದೇಶದ ಹೋರಾಟ, ಗುಡ್ಡ ಕಡಿಯುವ ದೈತ್ಯ ಯಂತ್ರಗಳು. ಎಲ್ಲವೂ ಎರಡು ಪಟ್ಟು. ನನ್ನ ಪಾಠಕ್ಕೂ ಅಂಥದ್ದೊಂದು ಗುಂಡಿ ಇದ್ದಿದ್ದರೆ ಈ ಹುಡುಗಿ ಒತ್ತಿಬಿಡುತ್ತಿದ್ದಳು ಎಂದು ಗುರು ನೀಲಗಂಗಮ್ಮ ಒಮ್ಮೆ ಅಡುಗೆಮನೆಯಲ್ಲಿ ಹೇಳಿದ್ದರು, ಅವಳಿಗೆ ಕೇಳುವ ಹಾಗೆ.

ಅವರ ಆಶ್ರಮ ನದಿಯ ದಡದಲ್ಲಿತ್ತು. ನೀರಿಗಿಳಿಯಲು ಕಲ್ಲಿನ ಮೆಟ್ಟಿಲುಗಳಿದ್ದವು. ಅವನ್ನು ಕಿತ್ತು ಕಾಂಕ್ರೀಟ್ ಕಟ್ಟೆ ಕಟ್ಟುತ್ತೇನೆಂದು ಗುತ್ತಿಗೆದಾರನೊಬ್ಬ ಜೆಸಿಬಿ ಕಳಿಸಿದ ದಿನ ನೀಲಗಂಗಮ್ಮ ಹೋಗಿ ಮೇಲಿನ ಮೆಟ್ಟಿಲ ಮೇಲೆ ಕುಳಿತರು. ಎಪ್ಪತ್ತೆರಡು ವರ್ಷದ ಹೆಂಗಸು. ಎದುರಿಗೆ ಜೆಸಿಬಿ ಎತ್ತಿದ ಬಕೆಟ್.

ಶಾಲ್ಮಲಿ ಫೋನು ಹಿಡಿದು ಹನ್ನೆರಡು ನಿಮಿಷ ಚಿತ್ರೀಕರಿಸಿದಳು. ಒಂದು ನಿಮಿಷ ಇಟ್ಟುಕೊಂಡು ಉಳಿದದ್ದನ್ನು ಕತ್ತರಿಸಿದಳು. ಆ ಒಂದು ನಿಮಿಷವನ್ನು ನೆಟ್ಟಿಗೆ ಹಾಕಿದಳು.

ಅದರಲ್ಲಿ ಬಕೆಟ್ ಮುದುಕಿಯ ಕಡೆಗೆ ಇಳಿಯತೊಡಗುತ್ತದೆ. ಕ್ಯಾಬಿನ್ನಿನಲ್ಲಿ ಆಪರೇಟರನ ಮುಖ ಕಾಣುತ್ತದೆ. ಅಲ್ಲಿಗೆ ವಿಡಿಯೊ ನಿಲ್ಲುತ್ತದೆ.

ನಲವತ್ತು ಲಕ್ಷ ಜನ ನೋಡಿದರು. ಊರೂರಿನವರು ಬೈದರು. ಅಧಿಕಾರಿಗಳು ಓಡಿ ಬಂದು ಕೆಲಸ ನಿಲ್ಲಿಸಿ, ದಡದ ಕಂಬಕ್ಕೆ ತಡೆಯಾಜ್ಞೆ ಹಚ್ಚಿ ಹೋದರು. ನೀಲಗಂಗಮ್ಮನ ಹತ್ತಿರ ಫೋನಿರಲಿಲ್ಲ. ಮೆಟ್ಟಿಲು ಉಳಿಯಿತೆಂಬುದಷ್ಟೇ ಅವರಿಗೆ ಗೊತ್ತಿತ್ತು. ಅಂದು ಆಶ್ರಮದಲ್ಲಿ ಪಾಯಸ ಮಾಡಿಸಿದರು.

ಮೂರನೆಯ ವಾರ ಆ ಆಪರೇಟರ್ ಬಂದ. ಯಮನೂರ ಅಂತ ಹೆಸರು. ಬಿಸಿಲಲ್ಲಿ ಬಸ್‌ಸ್ಟ್ಯಾಂಡಿನಿಂದ ನಡೆದು ಬಂದು, ತಲೆಯ ಮೇಲಿನ ಟವೆಲ್ಲನ್ನೂ ತೆಗೆಯದೆ ಗೇಟಿನ ಹೊರಗೇ ನಿಂತ. ಒಳಗೆ ಕರೆದರೂ ಬರಲಿಲ್ಲ.

ಅವನು ಹೇಳಿದ್ದು ಇಷ್ಟು. ಯಾರೋ ಅವನ ಹೆಸರು, ಊರು, ನಂಬರು ಎಲ್ಲ ಹುಡುಕಿ ತೆಗೆದಿದ್ದಾರೆ. ಫೋನು ಎತ್ತಿದರೆ ಬೈಗುಳ. ಯಾವ ಸೈಟಿಗೆ ಹೋದರೂ ಮುಖ ನೋಡಿ ವಾಪಸು ಕಳಿಸುತ್ತಾರೆ. ಹದಿನಾಲ್ಕು ವರ್ಷ ಆ ಸೀಟಿನಲ್ಲಿ ಕುಳಿತವನು ಈಗ ಮನೆಯ ಕಟ್ಟೆಯ ಮೇಲೆ ಕುಳಿತಿದ್ದಾನೆ.

"ಅದೆಲ್ಲಾ ಹೋಗ್ಲಿರಿ ಅವ್ವಾರ," ಎಂದ. "ನನ್ನ ಮಗಳಿಗಿ ಸಾಲ್ಯಾಗ ಬಕೆಟ್ ಅಂತ ಕರೀತಾರ್ರಿ."

ನೀಲಗಂಗಮ್ಮನಿಗೆ ಅರ್ಥವಾಗಲಿಲ್ಲ. "ಯಾಕಪ್ಪ? ನೀನೇನು ಮಾಡಿದೆ?"

"ನಿಮ್ಮ ಮ್ಯಾಲೆ ಬಕೆಟ್ ಬಿಟ್ಟೆ ಅಂತ."

"ಯಾವಾಗ?"

"ಬಿಟ್ಟಿಲ್ರಿ. ಅದನ್ನ ನಿಮ್ಮ ಬಾಯಿಂದ ಕೇಳ್ಬೇಕಂತ ಬಂದೆ."

ಗುರು ಶಿಷ್ಯೆಯನ್ನು ಕರೆದರು. ಶಾಲ್ಮಲಿ ವಿಡಿಯೊ ತೋರಿಸಿದಳು. ಅಭ್ಯಾಸದ ಹೆಬ್ಬೆರಳು ವೇಗದ ಕಡೆಗೆ ಹೋಯಿತು.

"ಕೈ ತೆಗಿ," ಎಂದರು ಗುರು.

ಮೂರು ಸಲ ನೋಡಿದರು. ಆಮೇಲೆ ಕೇಳಿದರು:

"ಮುಂದಿನದು?"

"ಇಷ್ಟೇ, ಅಮ್ಮ."

"ಇಷ್ಟೇ ಆಗಿದ್ದಿದ್ದರೆ ನಾನು ಸತ್ತಿರಬೇಕಿತ್ತಲ್ಲ."

ಶಾಲ್ಮಲಿ ಉಳಿದ ಹನ್ನೊಂದು ನಿಮಿಷ ತೆಗೆದು ತೋರಿಸಿದಳು.

ಬಕೆಟ್ ಮುದುಕಿಯಿಂದ ನಾಲ್ಕು ಮಾರು ದೂರದಲ್ಲಿ ನೆಲ ಮುಟ್ಟುತ್ತದೆ. ಹಲ್ಲುಗಳು ಮಣ್ಣಿನಲ್ಲಿ ಊರುತ್ತವೆ. ಎಂಜಿನ್ ಆರುತ್ತದೆ. ಯಮನೂರ ಇಳಿದು ಸೂಪರ್‌ವೈಸರಿಗೆ ಏನೋ ಹೇಳಿ ಅಡ್ಡಡ್ಡ ತಲೆಯಾಡಿಸುತ್ತಾನೆ. ಸೂಪರ್‌ವೈಸರ್ ಅವನ ಎದೆಗೆ ಕೈಯಿಟ್ಟು ತಳ್ಳುತ್ತಾನೆ. ಯಮನೂರ ಬುತ್ತಿ ತೆಗೆದುಕೊಂಡು ಬಂದು ಎರಡನೆಯ ಮೆಟ್ಟಿಲ ಮೇಲೆ ಕೂರುತ್ತಾನೆ. ಮುದುಕಿ ಅವನಿಗೆ ತನ್ನ ತಂಬಿಗೆಯ ನೀರು ಕೊಡುತ್ತಾಳೆ. ಅವನು ರೊಟ್ಟಿ ಮುರಿಯುತ್ತಾನೆ.

ಗುರು ಯಮನೂರನ ಕಡೆ ತಿರುಗಿದರು. "ಅವತ್ತು ಬಕೆಟ್ ಯಾಕೆ ಇಳಿಸಿದೆ?"

"ಎತ್ತಿದ್ದನ್ನ ಹಂಗ ಬಿಟ್ಟು ಇಳೀಬಾರದ್ರಿ. ನೆಲಕ್ಕ ಊರಿ, ಎಂಜಿನ್ ಆರ್ಸಿ, ಆಮ್ಯಾಲೆ ಇಳಿಯೂದು. ಕೆಳಗ ಯಾರರ ಇದ್ರ?"

"ಇದು ನಿನಗೆ ಗೊತ್ತಿತ್ತಾ?" ಗುರು ಶಾಲ್ಮಲಿಯನ್ನು ಕೇಳಿದರು.

ಅವಳು ಅಂಥ ಯಂತ್ರಗಳ ನೂರಾರು ವಿಡಿಯೊ ನೋಡಿದ್ದಳು.

"ಗೊತ್ತಿತ್ತು."

ಆಮೇಲೆ ಅವಳಿಗೂ ಸಿಟ್ಟು ಬಂತು. ಮಾತು ಹರಿಯಿತು. ಹಳೆಯ ಸಿನಿಮಾಗಳಲ್ಲಿ ಎತ್ತಿದ ಕೈಯನ್ನು ತೋರಿಸಿ ದೃಶ್ಯ ಕತ್ತರಿಸುತ್ತಾರೆ, ಹೊಡೆತವನ್ನು ನೋಡುವವನೇ ಮನಸ್ಸಿನಲ್ಲಿ ಪೂರ್ತಿ ಮಾಡಿಕೊಳ್ಳುತ್ತಾನೆ, ತಾನು ಮಾಡಿದ್ದು ಅದನ್ನೇ ಎಂದಳು. ರೊಟ್ಟಿ ತಿನ್ನುವುದನ್ನು ತೋರಿಸಿದ್ದರೆ ಯಾರಿಗೆ ಸಿಟ್ಟು ಬರುತ್ತಿತ್ತು? ಯಾರಿಗೂ ಸಿಟ್ಟು ಬಾರದಿದ್ದರೆ ಇವತ್ತು ಮೆಟ್ಟಿಲುಗಳೇ ಇರುತ್ತಿರಲಿಲ್ಲ. ಈಗ ಪೂರ್ತಿ ತೋರಿಸಿದರೆ ಎಲ್ಲ ಸುಳ್ಳೆಂದು ಗುತ್ತಿಗೆದಾರ ಕೂಗುತ್ತಾನೆ. ನಾಳೆ ಬೇರೆ ಆಪರೇಟರ್ ಬರುತ್ತಾನೆ.

"ಅವನು ಇವರ ಹಾಗೆ ಇಳಿಯುವುದಿಲ್ಲ, ಅಮ್ಮ," ಎಂದಳು.

"ನಿನ್ನ ಸಿಟ್ಟು ಯಾರ ಮೇಲೆ?"

"ಗುತ್ತಿಗೆದಾರನ ಮೇಲೆ."

"ವಿಡಿಯೊದಲ್ಲಿ ಅವನ ಮುಖ ತೋರಿಸು."

ಅವನು ಅವತ್ತು ದಡಕ್ಕೆ ಬಂದೇ ಇರಲಿಲ್ಲ.

ನೀಲಗಂಗಮ್ಮ ಗೇಟಿನ ಕಂಬಕ್ಕೆ ಕೈಯೂರಿದರು.

"ಊಟದ ಹೊತ್ತಿಗೆ ಹಡಗಿನ ಕಥೆ ಹೇಳ್ತಿದ್ದೆಯಲ್ಲ. ಯುದ್ಧದ ಹಡಗಿಗೆ ತೂತು ಬಿದ್ದರೆ ನೀರು ಮೊದಲು ಎಲ್ಲಿಗೆ ನುಗ್ಗುತ್ತದೆ ಅಂದಿದ್ದೆ?"

"ಕೆಳಗೆ. ಎಂಜಿನ್ ಕೋಣೆಗೆ."

"ಆಗ ಮೇಲಿನವರು ಏನು ಮಾಡುತ್ತಾರೆ?"

"ಹಡಗು ಉಳಿಯಲಿ ಅಂತ ಆ ಕೋಣೆಯ ಬಾಗಿಲು ಹಾಕುತ್ತಾರೆ."

"ಒಳಗಿದ್ದವರು?"

"ಬಡಿಯುತ್ತಾರೆ."

"ಆ ಬಡಿತ ಎರಡು ಪಟ್ಟು ವೇಗದಲ್ಲಿ ಹೇಗೆ ಕೇಳಿಸುತ್ತದೆ?"



ಗುರು ತೋಟದ ಕಡೆಗೆ ಹೋದರು. ಬರುವಾಗ ಕೈಯಲ್ಲಿ ಹಾರೆ ಇತ್ತು. ಯಾರ ಮುಖವನ್ನೂ ನೋಡದೆ ದಡಕ್ಕೆ ನಡೆದು, ಮೇಲಿನ ಮೆಟ್ಟಿಲಿನ ಸಂದಿಗೆ ಹಾರೆಯ ಮೊನೆ ತೂರಿಸಿ ಮೀಟತೊಡಗಿದರು.

ಶಾಲ್ಮಲಿ ಓಡಿದಳು. "ಅಮ್ಮ, ಏನು ಮಾಡ್ತಿದ್ದೀರಿ? ಇದನ್ನ ಉಳಿಸೋಕೆ ತಾನೇ ನಾವು..."

"ಇದನ್ನ ಉಳಿಸಿದ್ದು ಯಾರು?"

ಅವಳು ಹಾರೆ ಹಿಡಿಯಲು ಕೈ ಚಾಚಿದಳು.

"ಯಾರು ಅಂತ ಕೇಳಿದೆ."

"ಅವರು." ಅವಳು ಯಮನೂರನ ಕಡೆ ನೋಡಲಿಲ್ಲ.

"ಉಳಿಸಿದವನು ಆಶ್ರಮದ ಗೇಟು ದಾಟಿ ಒಳಗೆ ಬರಲಾರ. ನಾನು ದಿನಾ ಇದರ ಮೇಲೆ ಕೂತು ಜಪ ಮಾಡ್ತೇನೆ." ಹಾರೆಯನ್ನು ಮತ್ತೆ ಒತ್ತಿದರು. ಕಲ್ಲು ಕಿರುಗುಟ್ಟಿತು. "ಇವನ ಮಗಳು ಅಳುವಾಗ ನಾನು ಪಾಯಸ ಉಂಡೆ. ನಿನ್ನ ಕೈಯಿಂದ ಬಡಿಸಿಕೊಂಡು ಉಂಡೆ."

ಯಮನೂರ ಆಗ ಗೇಟು ದಾಟಿ ಬಂದ. ಹಾರೆ ಕಸಿಯಲಿಲ್ಲ. ಮುದುಕಿಯ ಪಕ್ಕದಿಂದ ಇಳಿದು ಹೋಗಿ ಎರಡನೆಯ ಮೆಟ್ಟಿಲ ಮೇಲೆ, ಅವತ್ತು ಕುಳಿತಲ್ಲೇ ಕುಳಿತ.

"ಕೀಳಬ್ಯಾಡ್ರಿ ಅವ್ವಾರ," ಎಂದ. "ಇದನ್ನ ಕೀಳೂದಾಗಿದ್ರ ಅವತ್ತ ನಾನ ಕೀಳ್ತಿದ್ದೆ. ಅರ್ಧ ತಾಸಿನ ಕೆಲಸ."

ನೀಲಗಂಗಮ್ಮ ನಿಂತರು. ಏದುಸಿರು ಬಿಡುತ್ತಿದ್ದರು. ಆಮೇಲೆ ಹಾರೆಯನ್ನು ಎರಡು ಕೈಯಲ್ಲೂ ಹಿಡಿದು ಸದ್ದಾಗದ ಹಾಗೆ ನೆಲಕ್ಕೆ ಇಳಿಸಿದರು. ಅದು ಪೂರ್ತಿ ನೆಲ ಮುಟ್ಟಿದ ಮೇಲೆಯೇ ಕೈ ಬಿಟ್ಟರು.

ಯಮನೂರ ಅದನ್ನು ನೋಡಿದ. ತಲೆಯ ಮೇಲಿನ ಟವೆಲ್ಲು ತೆಗೆದು ಮುಖ ಒರೆಸಿಕೊಂಡ.

ಶಾಲ್ಮಲಿ ಫೋನನ್ನು ಎದೆಗೊತ್ತಿಕೊಂಡು ನಿಂತಿದ್ದಳು. ಕೆಳಗೆ ನದಿ ತನ್ನ ವೇಗದಲ್ಲಿ ಹರಿಯುತ್ತಿತ್ತು. ತಡೆಯಾಜ್ಞೆಯ ಕಾಗದ ಕಂಬದ ಮೇಲೆ ಗಾಳಿಗೆ ಪಟಪಟ ಬಡಿಯುತ್ತಿತ್ತು.

ಗುರು ಅವಳ ಹತ್ತಿರ ಬಂದರು. ದನಿಯಲ್ಲಿ ಸಿಟ್ಟು ಇನ್ನೂ ಇತ್ತು, ಆದರೆ ಆಜ್ಞೆ ಇರಲಿಲ್ಲ. ಆರು ವರ್ಷದಲ್ಲಿ ಅವರು ಶಿಷ್ಯೆಯನ್ನು ಏನನ್ನೂ ಬೇಡಿದವರಲ್ಲ.

"ಇವನ ಬಸ್ಸು ಐದು ಗಂಟೆಗೆ. ಇವನು ಮನೆ ಮುಟ್ಟುವಷ್ಟರಲ್ಲಿ ಆ ಹನ್ನೊಂದು ನಿಮಿಷವನ್ನು ಇವನ ಮಗಳು ನೋಡುವ ಹಾಗೆ ಮಾಡ್ತೀಯಾ, ತಾಯಿ?"