ಸೋತ ಓಟಗಾರ ಮರಳಿ ಬಂದ ಮನೆ

“ಗುರುಗಳೇ, ಕೊಡುವವರು ದೊಡ್ಡವರೋ, ಪಡೆಯುವವರು ದೊಡ್ಡವರೋ?” ಎಂದು ಶಿಷ್ಯನು ಕೇಳಿದನು.

ಗುರುಗಳು ಒಂದು ಕತೆ ಹೇಳಿದರು.

ಬಹಳ ಹಿಂದೆ ಗ್ರೀಕರ ನಾಡಿನಲ್ಲಿ ಎಲಿಸ್ ಎಂಬ ಪಟ್ಟಣವಿತ್ತು. ನಾಲ್ಕು ವರ್ಷಕ್ಕೊಮ್ಮೆ ದೇವರ ಹೆಸರಿನಲ್ಲಿ ನಡೆಯುವ ಪಂದ್ಯಗಳನ್ನು ನಡೆಸಿಕೊಡುವ ಹೊಣೆ ಆ ಪಟ್ಟಣದ್ದು. ಪಂದ್ಯದ ಕಾಲ ಬಂತೆಂದರೆ ಎಲ್ಲ ಊರುಗಳೂ ಆಯುಧ ಕೆಳಗಿಡಬೇಕು. ಓಡುವವರು, ಕುಸ್ತಿಯವರು ಒಂದು ತಿಂಗಳು ಮೊದಲೇ ಬಂದು ಅಲ್ಲಿ ಅಭ್ಯಾಸ ಮಾಡಬೇಕು. ಮಡಕೆಯ ಚೂರುಗಳ ಮೇಲೆ ಹೆಸರು ಗೀಚಿ, ಒಂದೊಂದಾಗಿ ಎತ್ತಿ, ಯಾರು ಯಾರ ಮನೆಯಲ್ಲಿ ಉಳಿಯಬೇಕೆಂದು ಊರಿನ ಹಿರಿಯರು ಗೊತ್ತುಮಾಡುತ್ತಿದ್ದರು.

ಆ ಪಟ್ಟಣದಲ್ಲಿ ಒಬ್ಬ ಕುಂಬಾರನೂ ಅವನ ಹೆಂಡತಿಯೂ ಇದ್ದರು. ಅವರಿಗಿದ್ದ ಒಬ್ಬನೇ ಮಗ ಎರಡು ವರ್ಷದ ಹಿಂದೆ ಯುದ್ಧದಲ್ಲಿ ಸತ್ತಿದ್ದನು. ಆ ಸಲ ಅವರ ಮನೆಗೆ ಬಂದವನು ಒಬ್ಬ ಓಟಗಾರ. ಮಗನನ್ನು ಕೊಂದ ಸೈನ್ಯ ಅವನ ಊರಿನದೇ.

ಕುಂಬಾರನು ಅವನನ್ನು ಒಳಗೆ ಕರೆದು ಕಾಲಿಗೆ ನೀರು ಕೊಟ್ಟನು. ಹೆಂಡತಿ ಮಾತಾಡಲಿಲ್ಲ. ಹೊತ್ತು ಹೊತ್ತಿಗೆ ರೊಟ್ಟಿ, ಬೇಳೆಯ ಗಂಜಿ, ಅಂಜೂರ ತಂದು ಅವನ ಮುಂದೆ ಇಡುವಳು, ಒಳಗೆ ಹೋಗುವಳು. ಓಟಗಾರನಿಗೆ ಏನೂ ತಿಳಿಯದು. ಆ ತಾಯಿಯ ಸ್ವಭಾವವೇ ಹಾಗೆ ಎಂದುಕೊಂಡು ಹೊಟ್ಟೆ ತುಂಬ ಉಂಡನು.

ಹನ್ನೆರಡನೆಯ ದಿನ ಅಭ್ಯಾಸದ ಬಯಲಿನಲ್ಲಿ ಯಾರೋ ಅವನಿಗೆ ಆ ಮನೆಯ ಮಗನ ವಿಷಯ ತಿಳಿಸಿದರು. ಅವನು ಮನೆಗೆ ಬಂದವನೇ ತನ್ನ ಗಂಟು ಕಟ್ಟಿದನು.

“ಅಯ್ಯಾ, ಮೊದಲ ದಿನವೇ ಏಕೆ ಹೇಳಲಿಲ್ಲ? ನಾನು ಹೊರಗೆ ಮರದ ಕೆಳಗೆ ಮಲಗುತ್ತಿದ್ದೆ.”

ಕುಂಬಾರನು ಮಡಕೆ ತಿರುಗಿಸುವ ತಿಗರಿಯ ಮುಂದಿನಿಂದ ಏಳಲಿಲ್ಲ. “ಬಂದವರನ್ನು ನೋಡಿಕೊಳ್ಳುತ್ತೇವೆ ಎಂದು ನಮ್ಮ ಊರು ಮಾತು ಕೊಟ್ಟಿದೆ. ಆ ಊರಿನಲ್ಲಿ ನಾನೂ ಒಬ್ಬ. ಗಂಟು ಬಿಚ್ಚಪ್ಪ” ಎಂದನು.

ಓಟಗಾರನು ಉಳಿದನು. ಆದರೆ ಅಂದಿನಿಂದ ಅರ್ಧ ರೊಟ್ಟಿಗೇ ಊಟದಿಂದ ಏಳುತ್ತಿದ್ದನು. ಗೆಲ್ಲಲೇಬೇಕು, ಗೆದ್ದವನಿಗೆ ತೊಡಿಸುವ ಎಲೆಯ ಕಿರೀಟವನ್ನು ತಂದು ಈ ಮನೆಯ ಬಾಗಿಲಿಗೆ ಕಟ್ಟಬೇಕು, ಬೇರೆ ಯಾವುದರಿಂದಲೂ ಈ ಋಣ ತೀರದು ಎಂದು ನಿಶ್ಚಯಿಸಿದನು. ಉಳಿದವರು ನೆರಳಿಗೆ ಹೋದ ಮೇಲೂ ಬಿಸಿಲಿನಲ್ಲಿ ಒಬ್ಬನೇ ಓಡಿದನು.

ತಿಂಗಳು ಮುಗಿಯಿತು. ಎಲ್ಲರೂ ಎರಡು ದಿನ ನಡೆದು ಪಂದ್ಯದ ಬಯಲಿಗೆ ಹೋದರು. ಮದುವೆಯಾದ ಹೆಂಗಸರು ಅಲ್ಲಿಗೆ ಹೋಗುವಂತಿರಲಿಲ್ಲ. ಕುಂಬಾರನೊಬ್ಬನೇ ಹೋಗಿ ನೋಡಿದನು. ಓಟಗಾರನು ಕೊನೆಯವರೆಗೂ ಮುಂದಿದ್ದನು. ಕೊನೆಯಲ್ಲಿ ಇನ್ನೊಬ್ಬನು ಒಂದು ಹೆಜ್ಜೆಯಿಂದ ಅವನನ್ನು ಮೀರಿದನು. ಅಲ್ಲಿ ಎರಡನೆಯವನಿಗೆ ಏನೂ ಇಲ್ಲ.

ಕುಂಬಾರನು ಮನೆಗೆ ಬಂದು, ಅವನು ಸೋತದ್ದನ್ನು ಹೆಂಡತಿಗೆ ಹೇಳಿದನು. “ಇನ್ನು ಅವನು ಈ ಕಡೆ ಬರುವುದಿಲ್ಲ. ಸೋತವರು ಯಾರಿಗೂ ಮುಖ ತೋರಿಸದೆ ಊರು ಸೇರುತ್ತಾರೆ” ಎಂದೂ ಹೇಳಿದನು. ಅವಳು ಕೇಳಿಸಿಕೊಂಡಳು. ಆದರೂ ಮೂವರಿಗೆ ಆಗುವಷ್ಟು ಹಿಟ್ಟು ಕಲಸಿದಳು.

ಮರುದಿನ ಮಧ್ಯಾಹ್ನ ಓಟಗಾರನು ಬಂದು ಹೊಸ್ತಿಲ ಆಚೆಯೇ ನಿಂತನು. ಕಾಲೆಲ್ಲ ಧೂಳು.

“ಅಮ್ಮಾ, ಹೇಳದೆ ಹೋಗಲು ಮನಸ್ಸು ಬರಲಿಲ್ಲ. ನಿಮ್ಮ ಮನೆಯಲ್ಲಿ ಒಂದು ತಿಂಗಳು ಉಂಡೆ. ಕೊಡುವುದಕ್ಕೆ ನನ್ನ ಕೈಯಲ್ಲಿ ಏನೂ ಇಲ್ಲ” ಎಂದನು.

ಅವಳು ಅವನೊಡನೆ ಮೊದಲ ಸಲ ಮಾತಾಡಿದಳು.

“ಮಗ ಹೋದ ಮೇಲೆ ನಾನು ಅಡುಗೆಯ ರುಚಿ ನೋಡುವುದನ್ನು ಬಿಟ್ಟಿದ್ದೆ ಕಣಪ್ಪಾ. ಏನೋ ಬೇಯಿಸುತ್ತಿದ್ದೆ, ಇವರು ಸುಮ್ಮನೆ ಉಣ್ಣುತ್ತಿದ್ದರು. ನೀನು ಬಂದ ಮೂರನೆಯ ದಿನ ಗಂಜಿಗೆ ಉಪ್ಪು ಸಾಲದು ಎಂದೆ. ನನಗೆ ಎಷ್ಟು ಸಿಟ್ಟು ಬಂತು ಗೊತ್ತೇ? ಹೊರಗೆ ಹೋಗಿ ಅತ್ತೆ. ಮರುದಿನ ಉಪ್ಪು ಹಾಕಿ, ಸಾಕೋ ಇಲ್ಲವೋ ಎಂದು ಒಂದು ಗುಟುಕು ನಾಲಿಗೆಯ ಮೇಲಿಟ್ಟೆ. ರುಚಿ ಹತ್ತಿತು. ಎರಡು ವರ್ಷದ ಮೇಲೆ ಅಂದು ನಾನು ಹಸಿದು ಉಂಡೆ. ನೀನು ಬರದಿದ್ದರೆ ನಾನು ಈಗ ಹೇಗಿರುತ್ತಿದ್ದೆನೋ ಕಾಣೆ.”

ಓಟಗಾರನು ಮೊಣಕಾಲೂರಿ ಅವಳ ಪಾದಕ್ಕೆ ತಲೆ ಬಾಗಿದನು. ಅವಳೂ ಅವನ ಮುಂದೆ ನೆಲದ ಮೇಲೆ ಕುಳಿತು ತಲೆ ಬಾಗಿದಳು. ಕುಂಬಾರನು ಮಣ್ಣಿನ ಕೈ ಒರೆಸಿಕೊಳ್ಳುವುದನ್ನೂ ಮರೆತು ನಿಂತುಬಿಟ್ಟನು. ಆಮೇಲೆ ಮೂವರೂ ಒಟ್ಟಿಗೆ ಕುಳಿತು ಉಂಡರು.

ಓಟಗಾರನು ಆಮೇಲೆಯೂ ಎಂದೂ ಗೆಲ್ಲಲಿಲ್ಲ. ಓಡುವ ವಯಸ್ಸು ಕಳೆದ ಮೇಲೂ ಪ್ರತಿ ಪಂದ್ಯಕ್ಕೂ ತನ್ನ ಊರಿನ ಜೇನು ಹೊತ್ತು ಬರುತ್ತಿದ್ದನು. ಆ ಮನೆಯಲ್ಲಿಯೇ ಉಳಿಯುತ್ತಿದ್ದನು. ಅವನು ಬರುವ ಸುದ್ದಿ ಕೇಳಿದರೆ ಈಗ ಮುದುಕಿಯಾದ ಆ ತಾಯಿ ಬೀದಿಯ ತುದಿಯವರೆಗೂ ಹೋಗಿ ಕಾಯುವಳು.

ಗುರುಗಳು ಕತೆ ಮುಗಿಸಿದರು. ಶಿಷ್ಯನು ಮತ್ತೆ ಕೇಳಿದನು.

“ಆ ತಾಯಿ ಶತ್ರುವಿಗೆ ಅನ್ನವಿಟ್ಟಳು. ಅವನು ಅವಳಿಗೆ ಬದುಕನ್ನೇ ಕೊಟ್ಟನು. ಹಾಗಾದರೆ ಇಬ್ಬರಲ್ಲಿ ದೊಡ್ಡವರು ಯಾರು, ಗುರುಗಳೇ?”

“ಇಬ್ಬರೂ ಬಾಗಿದ್ದಾರೆ, ಮಗು, ದೊಡ್ಡವರು ಯಾರೆಂದು ಅಳೆಯಲು ನೆಟ್ಟಗೆ ನಿಂತಿರುವವನು ನೀನೊಬ್ಬನೇ.”

ಶಿಷ್ಯನು ಗುರುಗಳ ಪಾದಕ್ಕೆ ತಲೆ ಬಾಗಿದನು.